ಕೃತಕ ರಬ್ಬರನ್ನು ಕರಗಿಸಲು ಯಾವ ದ್ರಾವಕ ಸೂಕ್ತ?

ಮಲ್ಪೆಯಲ್ಲಿ ದೋಣಿ ರಿಪೇರಿ ಮಾಡುವಾಗ ಉಳಿಯುವ, ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಶೀಟಿನ ತುಂಡುಗಳನ್ನು ಕರಗಿಸಿ ಅಂಟು ಮಾಡಿಕೊಳ್ಳಬೇಕೆಂದಿದ್ದೇನೆ, ಪೆಟ್ರೋಲಿನಲ್ಲಿಯೂ ಥಿನ್ನರಿನಲ್ಲಿಯೂ ಅವು ಕರಗಲಿಲ್ಲ ಎಂದು ಬರೆದಿದ್ದೀರಿ. ಬೈಕಂಪಾಡಿಯಲ್ಲಿ ರಬ್ಬರ್ ಸಾಮಾನು ತಯಾರಿಸುವ ಘಟಕವೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಈ ತುಂಡುಗಳಿಗೆ ಯಾವ ದ್ರಾವಕ ಹಾಕಿದರೂ ಪ್ರಯೋಜನವಾಗದು. ಅಂಗಡಿಯಲ್ಲಿ ಸಿಗುವ ಶೀಟು, ಓ-ರಿಂಗು, ಬುಷ್ಷುಗಳೆಲ್ಲ ವಲ್ಕನೈಸ್ ಆದ, ಅಂದರೆ ರಾಸಾಯನಿಕ ಸೇರಿಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿನವು. ಅವುಗಳ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ದ್ರಾವಕ ಒಳಹೊಕ್ಕರೂ ಅವನ್ನು ಬಿಡಿಸಲಾರದು. ಒಂದು ಚೂರನ್ನು ಟೊಲ್ಯೂಯಿನ್ ಎಂಬ ದ್ರಾವಕ ತುಂಬಿದ ಗಾಜಿನ ಬಾಟಲಿಯಲ್ಲಿ ಹಾಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಅದು ನೆನೆಸಿದ ಕಡಲೆಯಂತೆ ಉಬ್ಬುತ್ತದೆ, ಆದರೆ ಕತ್ತರಿಸಿದ ಅಂಚುಗಳು ಹಾಗೆಯೇ ಉಳಿಯುತ್ತವೆ, ಚಿಮಟದಲ್ಲಿ ಒತ್ತಿದರೆ ಹರಿದುಹೋಗುತ್ತದೆ. ವಲ್ಕನೈಸ್ ಆಗದ ಕಚ್ಚಾ ರಬ್ಬರಾಗಿದ್ದರೆ ಅಂಚು ಮೊದಲು ಲೋಳೆಯಾಗಿ, ಕ್ರಮೇಣ ಆಕಾರವೇ ಇಲ್ಲವಾಗುತ್ತದೆ.

ಹಾಗಾಗಿ ಅಂಟಿಗೆಂದೇ ಬರುವ ಕಚ್ಚಾ ನಿಯೋಪ್ರೀನ್ ಬೇಕು. ಅದಕ್ಕೆ ಟೊಲ್ಯೂಯಿನ್ ಒಂದೇ ಸಾಕು. ಹೆಕ್ಸೇನ್ ಅಥವಾ ಅಸಿಟೋನ್‌ನಲ್ಲಿ ಬೇರೆಬೇರೆಯಾಗಿ ಕರಗದ ಈ ರಬ್ಬರು ಅವೆರಡರ ಮಿಶ್ರಣದಲ್ಲಿ ಕರಗುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗವೆನಿಸುತ್ತದೆ. ಅಣುಗಳು ಒಂದನ್ನೊಂದು ಎಷ್ಟು ಬಲವಾಗಿ ಹಿಡಿದುಕೊಂಡಿವೆ ಎಂಬುದನ್ನು ಹಿಲ್ಡೆಬ್ರಾಂಡ್ ಸಂಖ್ಯೆ ಹೇಳುತ್ತದೆ, ರಬ್ಬರಿನ ಮತ್ತು ದ್ರಾವಕದ ಸಂಖ್ಯೆಗಳು ಹತ್ತಿರವಿದ್ದರೆ ಕರಗುವುದು ಸುಲಭ. ಈ ಸಂಖ್ಯೆ ಹೆಕ್ಸೇನ್‌ಗೆ ಸುಮಾರು 15, ಅಸಿಟೋನ್‌ಗೆ 20. ನಿಯೋಪ್ರೀನ್‌ನ ಸಂಖ್ಯೆ ಇವೆರಡರ ನಡುವೆ ಬೀಳುವುದರಿಂದ ಮಿಶ್ರಣವೇ ಅದಕ್ಕೆ ಹತ್ತಿರವಾಗುತ್ತದೆ. ಇದೇ ಲೆಕ್ಕದಲ್ಲಿ ಕಚ್ಚಾ ಬ್ಯುಟೈಲ್ ರಬ್ಬರಿಗೆ ಹೆಕ್ಸೇನ್ ಹೊಂದುತ್ತದೆ. ಪೆಟ್ರೋಲು, ಎಣ್ಣೆಗಳನ್ನು ತಡೆಯುವ ನೈಟ್ರೈಲ್‌ಗೆ ಮೀಥೈಲ್ ಈಥೈಲ್ ಕೀಟೋನ್ ಬೇಕಾಗುತ್ತದೆ.

ಬೆಂಜೀನ್ ಕ್ಯಾನ್ಸರ್‌ಕಾರಕವಾದ್ದರಿಂದ ಯಾರು ಹೇಳಿದರೂ ಅದನ್ನು ಬಳಸಬೇಡಿ. ಟೊಲ್ಯೂಯಿನ್‌ನ ಆವಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಿದು ದೂರದ ಬೆಂಕಿಯನ್ನೂ ಮುಟ್ಟಬಹುದು. ದೋಣಿಯ ಒಳಗೆ, ವೆಲ್ಡಿಂಗ್ ನಡೆಯುವಲ್ಲಿ ಈ ಕೆಲಸ ಖಂಡಿತ ಸಲ್ಲದು. ನೀಲಿ ನೈಟ್ರೈಲ್ ಕೈಗವಸನ್ನೂ ನಂಬಬೇಡಿ. ಅದೂ ಕೃತಕ ರಬ್ಬರೇ, ಅಸಿಟೋನ್‌ನಂಥ ಕೀಟೋನ್ ತಾಗಿದರೆ ಬೇಗನೆ ಉಬ್ಬುತ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ದ್ರಾವಕ ಬೇಗ ಆರುವಾಗ ಹಚ್ಚಿದ ಅಂಟು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕುಳಿತು ಬಿಳಿಚಿಕೊಳ್ಳುತ್ತದೆ. ಹಾಗೆ ಬಿಳಿಚಿದ ಜಾಗ ಸರಿಯಾಗಿ ಹಿಡಿಯದು. ಮಿಶ್ರಣ ಬಳಸುವುದಾದರೆ ಜೂನ್, ಜುಲೈಯಲ್ಲಿ ಅಸಿಟೋನ್ ಕಡಿಮೆ ಮಾಡಿ, ನಿಧಾನವಾಗಿ ಆರುವ ಟೊಲ್ಯೂಯಿನ್ ಹೆಚ್ಚಿಸಿ. ಇಷ್ಟಾದರೂ ಬರಿಯ ರಬ್ಬರಿನ ದ್ರಾವಣಕ್ಕೆ ರಾಳ, ಮೆಗ್ನೀಷಿಯಂ ಆಕ್ಸೈಡ್, ಸತುವಿನ ಆಕ್ಸೈಡ್ ಸೇರದೆ ಒಳ್ಳೆಯ ಬಿಗಿ ಬಾರದಾದ್ದರಿಂದ, ಒಂದೆರಡು ದೋಣಿಗಳ ಕೆಲಸಕ್ಕಾದರೆ ಸಿದ್ಧ ನಿಯೋಪ್ರೀನ್ ಅಂಟಿನ ಡಬ್ಬಿಯನ್ನೇ ಕೊಳ್ಳಿ ಎಂಬುದು ನನ್ನ ಸಲಹೆ.