ಮೀನು ಮರಳಿತು, ಯಾರ ಬಲೆಗೆ?

ನಮಸ್ಕಾರ. ಒಡಿಶಾದ ಚಿಲಿಕಾ ಸರೋವರದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಮೀನು ಅಷ್ಟು ಹೆಚ್ಚಿದ್ದರೆ ಅಲ್ಲಿನ ಮೀನುಗಾರರು ಕೂಲಿ ಹುಡುಕಿ ಊರು ಬಿಡುವುದೇಕೆ? ಹಾಳಾದ ಸರೋವರದ ಹೂಳೆತ್ತಿ, ಮೀನುಮರಿ ಬಿಟ್ಟರೆ ಸಾಲದೇ? ಜೊತೆಗೆ, ‘ಬಲೆ ತುಂಬಿದ ಚಿಲಿಕಾ’ ಎಂಬ ತಲೆಬರಹ ಅತಿಯಾಯಿತು ಎಂದು ಚುಚ್ಚಿದ್ದೀರಿ. ಅದನ್ನು ಕೊಟ್ಟವನು ನಾನೇ. ಒಪ್ಪಿದೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಚಿಲಿಕಾ ಚೇತರಿಸಿಕೊಂಡದ್ದು ಮರಿ ಬಿಟ್ಟು ಅಲ್ಲ. ಮಹಾನದಿಯ ಕವಲುಗಳು ತಂದ ಹೂಳು, ಕಡಲು ತಂದ ಮರಳು ಸೇರಿ ಅಳಿವೆ, ಅಂದರೆ ಸರೋವರ ಕಡಲಿಗೆ ತೆರೆಯುವ ಬಾಯಿ, ಕಟ್ಟಿಕೊಂಡಿತ್ತು. ಉಪ್ಪು ಇಳಿಯಿತು, ಸಿಹಿನೀರಿನ ಕಳೆ ಹಬ್ಬಿತು. ಸಿಗಡಿ, ಏಡಿ, ಮಲೆಟ್ ಮೀನುಗಳು ಮೊಟ್ಟೆಯಿಡುವುದು ಕಡಲಲ್ಲಿ; ಮರಿಗಳು ಬೆಳೆಯಲು ಹಿನ್ನೀರಿಗೆ ಬರಬೇಕು. ಬಾಗಿಲೇ ಮುಚ್ಚಿದರೆ ಬರುವುದೆಲ್ಲಿಂದ? 2000ದ ಸೆಪ್ಟೆಂಬರಿನಲ್ಲಿ ಸಿಪಕುಡದ ಬಳಿ ಮರಳದಿಬ್ಬ ಕಡಿದು ಹೊಸ ಅಳಿವೆ ತೆರೆದರು. 1999-2000ರಲ್ಲಿ ಸುಮಾರು 1,750 ಟನ್ ಇದ್ದ ಮೀನಿನ ಇಳುವರಿ 2001-02ರಲ್ಲಿ 12,000 ಟನ್ನಿನ ಹತ್ತಿರ ಹೋಯಿತು. 1993ರಲ್ಲಿ ಅಪಾಯದ ಜೌಗುಪ್ರದೇಶಗಳ ಮಾಂಟ್ರೋ ಪಟ್ಟಿಗೆ ಸೇರಿದ್ದ ಚಿಲಿಕಾ 2002ರಲ್ಲಿ ಅದರಿಂದ ಹೊರಬಂತು. ಹೀಗಾಗಿ, ಕಾಯಿಲೆ ಯಾವುದೆಂದು ತಿಳಿಯದೆ ಮರಿ ಸುರಿಯುವುದು ದಂಡದ ಖರ್ಚು.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಮ್ಮ ಲೇಖನ ಜಾರಿದ್ದು ಇಲ್ಲಿಯೇ. ನೀರಿನ ಕಾಯಿಲೆಗೆ ಮದ್ದು ಸಿಕ್ಕಿತು, ನೀರಿನ ಹಕ್ಕಿನ ಜಗಳಕ್ಕೆ ಸಿಗಲಿಲ್ಲ. ಆ ಜಗಳ ಅಳಿವೆಗಿಂತ ಹಳೆಯದು. ಸಿಗಡಿಗೆ ರಫ್ತಿನ ಬೆಲೆ ಬಂದ ಕಾಲದಲ್ಲಿ ಮೀನುಗಾರರಲ್ಲದವರೂ ಸರೋವರಕ್ಕಿಳಿದರು. ಬಿದಿರು, ಬಲೆ ನೆಟ್ಟು ‘ಘೇರಿ’ ಎಂಬ ಸಿಗಡಿ ಆವರಣ ಕಟ್ಟಿದರು. ತಲೆಮಾರುಗಳಿಂದ ಗುತ್ತಿಗೆಯ ಮೇಲೆ ಬಲೆ ಬೀಸುತ್ತಿದ್ದ ಜಾಗಗಳು ಕೈತಪ್ಪಿದವು. 1996ರಲ್ಲಿ ಸುಪ್ರೀಂ ಕೋರ್ಟು ಚಿಲಿಕಾದ ಸುತ್ತ ಸಿಗಡಿ ಕೃಷಿಗೆ ತಡೆ ಹಾಕಿತು. ಘೇರಿಗಳು ಮಾತ್ರ ನಿಂತೇ ಇದ್ದವು. 1999ರ ಮೇನಲ್ಲಿ ಘೇರಿಗಳ ವಿರುದ್ಧ ಮೀನುಗಾರರ ಹೋರಾಟದ ನಡುವೆ ಸರೋವರದ ದಡದ ಸೊರಾಣದಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಸತ್ತರು. ಅಳಿವೆ ತೆರೆದದ್ದು ಅದರ ಮರುವರ್ಷ.

ಮೀನು ಮರಳಿದಾಗ ಘೇರಿಯ ಆಸೆಯೂ ಮರಳಿತು. ದೋಣಿಗಳು ಹೆಚ್ಚಿದವು, ಮೋಟಾರು ಬಂತು, ಮರಿಯನ್ನೂ ಬಿಡದ ಸಣ್ಣಕಣ್ಣಿನ ಬಲೆಗಳು ಬಂದವು. ಇಳುವರಿ ಹಿಗ್ಗಿದರೂ ಹಂಚಿಕೊಳ್ಳುವ ಕೈಗಳೂ ಹೆಚ್ಚಾದವು. ಇದರ ಮೇಲೆ ಸಾಲ: ದೋಣಿ, ಬಲೆಗೆ ವ್ಯಾಪಾರಿಯಿಂದ ಮುಂಗಡ ತಂದವನು ಮೀನನ್ನು ಅವನಿಗೇ, ಅವನು ಹೇಳಿದ ದರಕ್ಕೇ ಕೊಡಬೇಕು. ಟನ್ನಿನ ಲೆಕ್ಕದಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಮಗೂ ಕಾಣಲಿಲ್ಲ.

ಹಾಗೆಂದು ಅಳಿವೆ ತೆರೆದದ್ದೇ ವ್ಯರ್ಥ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 1,750 ಟನ್ನಿಗೆ ಇಳಿದಿದ್ದ ಸರೋವರದಲ್ಲಿ ಹಕ್ಕು ಸಿಕ್ಕಿದ್ದರೂ ಹಿಡಿಯುವುದೇನನ್ನು? ಆದರೆ ಬಲೆಕಣ್ಣಿನ ಅಳತೆ, ಘೇರಿ ತೆರವು, ಮೀನುಗಾರರ ಸಂಘಗಳ ಕೈಗೆ ಗುತ್ತಿಗೆ, ಸುಲಭದ ಸಾಲ, ಇವು ಅಳಿವೆಯ ಜೊತೆಗೇ ಆಗಬೇಕಿತ್ತು. ಹೂಳೆತ್ತುವ ಡ್ರೆಜ್ಜರಿಗೆ ಟೆಂಡರು ಕರೆಯುವುದು ಸುಲಭ. ಘೇರಿ ಕೀಳಿಸಿದರೆ ಯಾರದೋ ಮತ ಹೋಗುತ್ತದೆ.

ಟನ್ನುಗಳ ಪಕ್ಕದಲ್ಲಿ ದೋಣಿಯೊಂದಕ್ಕೆ ದಿನಕ್ಕೆಷ್ಟು ಮೀನು, ಮನೆಗೆಷ್ಟು ಹಣ ಎಂಬುದನ್ನೂ ಅಚ್ಚುಹಾಕಿ ಎಂದಿದ್ದೀರಿ. ಚಿಲಿಕಾದ ಮುಂದಿನ ಬರಹಕ್ಕೆ ಆ ಎರಡು ಲೆಕ್ಕ ಸಿಗುವವರೆಗೆ ತಲೆಬರಹ ಕೊಡುವುದಿಲ್ಲ.

— ಸಂಪಾದಕ