ಅತಿಥಿ ವಿದ್ವಾಂಸರಿಂದ ಭಾಷಣ ಮಾಡಿಸಬೇಡಿ

ತತ್ವಶಾಸ್ತ್ರ ವಿಭಾಗದ ವಾರ್ಷಿಕ ರಿಟ್ರೀಟ್ ಈ ಸಲ ನಿಮ್ಮ ತಲೆಗೆ ಬಿದ್ದಿದೆ, ಹೊರಗಿನ ವಿದ್ವಾಂಸರೊಬ್ಬರು ಬರುತ್ತಾರೆ, ಎರಡು ದಿನ ಏನು ಮಾಡಿಸುವುದು ಅಂತ ಕೇಳಿದ್ದೀರಿ. ಇಂಥವುಗಳಲ್ಲಿ ಕೂತೂ ಗೊತ್ತು, ನಡೆಸಿಯೂ ಗೊತ್ತು. ಭಾಷಣವೊಂದನ್ನು ಬಿಟ್ಟು ಏನು ಬೇಕಾದರೂ ಮಾಡಿಸಿ. ಭಾಷಣವನ್ನು ಯೂಟ್ಯೂಬಿನಲ್ಲೂ ಕೇಳಬಹುದು.

ಅವರು ಈಗ ಬರೆಯುತ್ತಿರುವ, ಇನ್ನೂ ಮುಗಿಯದ ಪೇಪರ್ ಕೇಳಿ. ಎರಡು ವಾರ ಮೊದಲೇ ಎಲ್ಲರಿಗೂ ಕಳಿಸಿ. ಆ ದಿನ ಅದನ್ನು ನಿಮ್ಮವರೇ ಒಬ್ಬರು ಹದಿನೈದು ನಿಮಿಷದಲ್ಲಿ ಹೇಳಲಿ, ಬರೆದವರು ಸುಮ್ನೆ ಕೇಳಿಸಿಕೊಳ್ಳಲಿ. ತನ್ನ ವಾದ ಬೇರೆಯವರ ಬಾಯಲ್ಲಿ ಬಂದಾಗ ಅದು ಎಲ್ಲಿ ಸಡಿಲವಾಗಿದೆ ಅಂತ ಬರೆದವರಿಗೆ ತಕ್ಷಣ ಗೊತ್ತಾಗುತ್ತದೆ. ಚರ್ಚೆ ಅಲ್ಲಿಂದಲೇ ಶುರು.

ಇನ್ನೊಂದು ಬೈಠಕ್ಕಿಗೆ ಅಲ್ಲಿ ಕೂತವರ್ಯಾರೂ ಬರೆಯದ ಒಂದು ಚಿಕ್ಕ ಬರಹ ಇಟ್ಟುಕೊಳ್ಳಿ. ನನ್ನ ಆಯ್ಕೆ ಅಮೆರಿಕದ ತತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ 1963ರಲ್ಲಿ ಬರೆದದ್ದು. ಬರೀ 3 ಪುಟ. ಅದರಲ್ಲಿ ಸ್ಮಿತ್, ಜೋನ್ಸ್ ಇಬ್ಬರೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿರುತ್ತಾರೆ. ಕೆಲಸ ಜೋನ್ಸ್‌ಗೇ ಸಿಗುತ್ತದೆ, ಅವನ ಜೇಬಿನಲ್ಲಿ ಹತ್ತು ನಾಣ್ಯ ಇವೆ ಅಂತ ನಂಬಲು ಸ್ಮಿತ್‌ಗೆ ಒಳ್ಳೆಯ ಆಧಾರ ಇದೆ. ಹಾಗಾಗಿ 'ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯ ಇವೆ' ಅಂದುಕೊಳ್ಳುತ್ತಾನೆ. ಕೊನೆಗೆ ಕೆಲಸ ಸಿಗುವುದು ಸ್ಮಿತ್‌ಗೇ. ಅವನಿಗೇ ಗೊತ್ತಿಲ್ಲದೆ ಅವನ ಜೇಬಿನಲ್ಲೂ ಹತ್ತು ನಾಣ್ಯ! ಅಂದುಕೊಂಡದ್ದು ನಿಜ, ಆಧಾರವೂ ಇತ್ತು. ಆದರೂ ಅವನಿಗೆ ಗೊತ್ತಿತ್ತು ಅನ್ನೋಕಾಗುತ್ತಾ?

ಇಲ್ಲಿ ಭಾರತೀಯ ದರ್ಶನ ಪಾಠ ಮಾಡುವವರು ಬಾಯಿ ಬಿಡಲೇಬೇಕು. 12ನೇ ಶತಮಾನದ ದಾರ್ಶನಿಕ ಶ್ರೀಹರ್ಷ ಇದರ ಹತ್ತಿರದ್ದೇ ಒಂದು ಉದಾಹರಣೆ ಕೊಟ್ಟಿದ್ದಾನೆ: ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಅಂತ ಕೇಳಿದರೆ ಒಬ್ಬ 'ಐದು' ಅಂತಾನೆ, ಇರುವುದೂ ಐದೇ. ಊಹೆ ಸರಿಯಾಯಿತು, ಅದು ಜ್ಞಾನವಾಯಿತಾ? ಇಲ್ಲಿ ಆಧಾರವೇ ಇಲ್ಲವಲ್ಲ ಅಂತ ತರ್ಕಶಾಸ್ತ್ರ ಪಾಠ ಮಾಡುವವರು ಎದ್ದೇ ಏಳುತ್ತಾರೆ. ವರ್ಷವಿಡೀ ಪಕ್ಕಪಕ್ಕದ ರೂಮಿನಲ್ಲಿದ್ದೂ ಮಾತಾಡದ ಇವರಿಬ್ಬರನ್ನು ಎದುರುಬದುರು ಕೂರಿಸುವುದಕ್ಕೇ ರಿಟ್ರೀಟ್ ಬೇಕಾಗಿರುವುದು.

ಪ್ರಶ್ನೆ ಕೇಳುವುದಕ್ಕೊಂದು ಪದ್ಧತಿ ಇದೆ. ಹೊಸ ಪ್ರಶ್ನೆ ಇದ್ದರೆ ಕೈ ಎತ್ತುವುದು, ನಡೆಯುತ್ತಿರುವ ಮಾತಿಗೇ ಏನಾದರೂ ಸೇರಿಸುವುದಿದ್ದರೆ ಒಂದು ಬೆರಳು ಎತ್ತುವುದು. ಬೆರಳಿಗೆ ಮೊದಲ ಅವಕಾಶ. ಚೆನ್ನಾಗಿ ನಡೆಯುತ್ತದೆ, ಆದರೆ ಹಿರಿಯರ ಬೆರಳು ಇಳಿಯುವುದೇ ಇಲ್ಲ! ಅದಕ್ಕೆ ಮೊದಲ ಸುತ್ತು ಕಿರಿಯರಿಗೆ ಬಿಡಿ.

ಅಧ್ಯಕ್ಷತೆಗೆ ತಣ್ಣಗಿರುವವರನ್ನು ಹುಡುಕಿ. 1946ರಲ್ಲಿ ಕೇಂಬ್ರಿಡ್ಜಿಗೆ ಅತಿಥಿಯಾಗಿ ಹೋದ ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಎದುರು, ಕೆಂಡ ಕೆದಕುವ ಕಬ್ಬಿಣದ ಸಲಾಕೆ ಕೈಯಲ್ಲಿ ಹಿಡಿದು ವಾದಕ್ಕಿಳಿದು, ಆಮೇಲೆ ಸಭೆಯಿಂದಲೇ ಎದ್ದುಹೋದವರು ಅಲ್ಲಿನ ತತ್ವಶಾಸ್ತ್ರಜ್ಞ ವಿಟ್ಗೆನ್‌ಸ್ಟೈನ್. ಅಲ್ಲಿ ಅಧ್ಯಕ್ಷರೂ ಅವರೇ.

ಸಿಲಬಸ್, ವರ್ಕ್‌ಲೋಡ್ ವಿಷಯ ಇಡಲೇಬೇಕು ಅಂತ ಮುಖ್ಯಸ್ಥರು ಹಟ ಹಿಡಿದರೆ ಎರಡನೇ ದಿನ ಅತಿಥಿಗಳನ್ನು ಬೀಳ್ಕೊಟ್ಟ ಮೇಲೆ ಇಡಿ. ಆ ಜಗಳ ಅವರ ಮುಂದೆ ಯಾಕೆ, ಅಲ್ವಾ?