ಲಾರಿ ರಸ್ತೆ ದಾಟಿತೇ?

ಪ್ರಶ್ನೆ: ಮಾಷ್ಟ್ರೇ, ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನ ಮಗಳು ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆಂದು ದಿನವೂ ಇಂಗ್ಲಿಷ್ ಪೇಪರ್ ಓದುತ್ತಾಳೆ. ಮೊನ್ನೆ ‘ಕ್ರಾಸಿಂಗ್ ದ ರೋಡ್, ಎ ಲಾರಿ ಹಿಟ್ ದ ಮ್ಯಾನ್’ ಎಂಬ ವಾಕ್ಯ ತೋರಿಸಿ ತಪ್ಪು ಎಂದಳು. ಅಚ್ಚಾದ ಪೇಪರಿನಲ್ಲೂ ತಪ್ಪಿರುತ್ತದೆಯೇ? ಹಿಡಿಯುವುದು ಹೇಗೆ?
– ಒಬ್ಬ ತಾಯಿ, ಪೆರ್ಲ

ಉತ್ತರ: ಮಗಳು ಹೇಳಿದ್ದೇ ಸರಿ ಅಮ್ಮ. ಸುದ್ದಿಯನ್ನು ರಾತ್ರಿ ಗಡಿಬಿಡಿಯಲ್ಲಿ ಬರೆಯುತ್ತಾರೆ, ತಪ್ಪು ನುಸುಳುತ್ತದೆ.

ಬದಿಯಡ್ಕದ ಕಡೆ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದಾಗ ಇಂಥದೇ ಒಂದು ವಾಕ್ಯವನ್ನು ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮಾಷ್ಟ್ರೇ, ರಸ್ತೆ ದಾಟಿದ್ದು ಯಾರು, ಲಾರಿಯಾ?’ ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ‘ಕ್ರಾಸಿಂಗ್’ ಎಂದಿದೆ, ದಾಟಿದವರು ಯಾರೆಂದಿಲ್ಲ. ಹೀಗೆ ಕರ್ತೃವಿಲ್ಲದೆ ಮೊದಲಿಗೇ ಬಂದ ಕ್ರಿಯೆ ಇಂಗ್ಲಿಷಿನಲ್ಲಿ ಅದೇ ವಾಕ್ಯದ ಮುಂದಿನ ಭಾಗದ ಕರ್ತೃವಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಆ ಕರ್ತೃ ಲಾರಿ. ವ್ಯಾಕರಣದಲ್ಲಿ ಇದಕ್ಕೆ ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಎನ್ನುತ್ತಾರೆ.

ನಮ್ಮ ಮಕ್ಕಳಿಗೆ ಇದು ಕಷ್ಟವಾಗಬಾರದು. ‘ರಸ್ತೆ ದಾಟುತ್ತಾ ಲಾರಿ ಅವನಿಗೆ ಡಿಕ್ಕಿ ಹೊಡೆಯಿತು’ ಎಂದು ಹೇಳಿ ನೋಡಿ, ಕಿವಿಗೆ ಚುಚ್ಚುತ್ತದೆ. ‘ಅವನು ದಾಟುತ್ತಿದ್ದಾಗ’ ಎಂದರೆ ಸರಿಹೋಗುತ್ತದೆ. ಇಂಗ್ಲಿಷಿನಲ್ಲೂ ಮದ್ದು ಅದೇ: ‘ಆ್ಯಸ್ ದ ಮ್ಯಾನ್ ವಾಸ್ ಕ್ರಾಸಿಂಗ್ ದ ರೋಡ್, ಎ ಲಾರಿ ಹಿಟ್ ಹಿಮ್.’ ಕನ್ನಡ ಚೆನ್ನಾಗಿ ಬಲ್ಲವರು ಇಂಗ್ಲಿಷಿನಲ್ಲಿ ಹಿಂದೆ ಬೀಳಬೇಕಾಗಿಲ್ಲ ಎಂದು ನಾನು ನಂಬಿದ್ದೇನೆ.

‘ಒನ್ ಆಫ್ ದ ಓಲ್ಡೆಸ್ಟ್ ಸ್ಕೂಲ್’ (ಸ್ಕೂಲ್ಸ್ ಆಗಬೇಕು), ‘ಬಿಟ್ವೀನ್ 10 ಟು 15’ (10 ಆ್ಯಂಡ್ 15) ಮುಂತಾದ ತಪ್ಪುಗಳನ್ನು ಹಿಡಿಯುವುದು ಅಭ್ಯಾಸದಿಂದ ಬರುತ್ತದೆ.

ವ್ಯಾಕರಣ ಶುದ್ಧವಾಗಿದ್ದು ಅರ್ಥ ತಪ್ಪಿದ ವಾಕ್ಯಗಳೇ ಹೆಚ್ಚು ಮೋಸ ಮಾಡುವುದು. ‘ಕಾಸರಗೋಡ್ ಡಿಸ್ಟ್ರಿಕ್ಟ್ ವಾಸ್ ಮರ್ಜ್ಡ್ ವಿತ್ ಕೇರಳ ಇನ್ 1956’ ಎಂದು ಬರೆದರೆ ಒಂದು ಅಕ್ಷರವೂ ಆಚೀಚೆ ಆಗಿಲ್ಲ. ಆದರೆ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದೇ 1984ರ ಮೇ 24ರಂದು. ಇಲ್ಲದ ಜಿಲ್ಲೆಯನ್ನು ಸೇರಿಸುವುದು ಹೇಗೆ? ನಮ್ಮ ಹಿರಿಯರು ಮಂಗಳೂರಿನ ಜಿಲ್ಲೆಯಿಂದ ಬೇರ್ಪಟ್ಟ ನೋವೇ ಆ ಒಂದು ಶಬ್ದದಲ್ಲಿ ಅಳಿಸಿಹೋಗುತ್ತದೆ. ಇಂಥ ತಪ್ಪನ್ನು ನಾನು ಸುಮ್ಮನೆ ಬಿಡಲಾರೆ.

ಅಂಕಿಗಳನ್ನು ಕಂಡಲ್ಲಿ ಮಗಳು ಪೆನ್ಸಿಲ್ ಹಿಡಿಯಲಿ. ಅಡಿಕೆ ಬೆಲೆ ಕಿಲೋಗೆ 400 ರೂಪಾಯಿಯಿಂದ 300ಕ್ಕೆ ಇಳಿದರೆ ಇಳಿಕೆ ಶೇ. 25. ‘ಮತ್ತೆ ಶೇ. 25 ಏರಿ ನಷ್ಟ ತುಂಬಿತು’ ಎಂದರೆ ನಂಬಬೇಡಿ, 300ರ ಶೇ. 25 ಎಂದರೆ 75, ಬೆಲೆ 375ಕ್ಕೇ ನಿಲ್ಲುತ್ತದೆ. ಮತದಾನ ಶೇ. 70ರಿಂದ 77ಕ್ಕೆ ಹೋದರೆ ‘ಸೆವೆನ್ ಪರ್ಸೆಂಟ್’ ಏರಿತು ಎಂದು ಬರೆಯುತ್ತಾರೆ. ಏರಿದ್ದು ಏಳು ಪರ್ಸೆಂಟೇಜ್ ಪಾಯಿಂಟ್, ಅಂದರೆ ಎರಡು ಶೇಕಡಾಗಳ ನಡುವಿನ ಅಂತರ. ಶೇಕಡಾ ಲೆಕ್ಕದಲ್ಲಾದರೆ ಅದು ಹತ್ತು, ಏಕೆಂದರೆ 7 ಎಂಬುದು 70ರ ಹತ್ತನೇ ಒಂದು ಭಾಗ.

ದಿನಕ್ಕೆ ಒಂದೇ ಸುದ್ದಿ ಸಾಕು. ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು ‘ಯಾರು?’ ಎಂದು ಕೇಳಿಕೊಳ್ಳಲಿ. ಮಗಳು ತಿದ್ದಿದ ವಾಕ್ಯಗಳನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಲಿ, ನೋಡಿ ಉತ್ತರಿಸುತ್ತೇನೆ.